ಹತ್ತೊಂಬತ್ತನೇ ಎಳೆ

ಸೈಕಲ್ಲಿನ ಗೇರ್ ಕೇಬಲ್ ಅಂದರೆ 1.2 ಮಿ.ಮೀ. ದಪ್ಪದ ತಂತಿ. ಅದರಲ್ಲಿ ಹತ್ತೊಂಬತ್ತು ಎಳೆ ಇರುತ್ತವೆ. ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಹದಿನೆಂಟರ ಲೆಕ್ಕ ಸಿಕ್ಕಿತ್ತು. ಒಂದರದ್ದು ಸಿಗಲಿಲ್ಲ. ಅದರ ಚೂರು ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಬಲಗಡೆ ಶಿಫ್ಟರ್ ಒಳಗೆ ಎಲ್ಲೋ ಕೂತಿತ್ತು. ಇವತ್ತು ಮಧ್ಯಾಹ್ನ ಹೊರಗೆ ಬಂತು. ಖುಷಿ ಇನ್ನೂ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಕೇಬಲ್ ತುಂಡಾದದ್ದು ಹೋದ ತಿಂಗಳ ಕೊನೆಯ ಭಾನುವಾರ, ಮೇಲುಕೋಟೆ ಏರಿನಲ್ಲಿ. ಮೈಸೂರಿನಿಂದ ಬೆಳಗಿನ ಜಾವ ಹೊರಟು ಶ್ರೀರಂಗಪಟ್ಟಣ, ಪಾಂಡವಪುರ ದಾಟಿ, ಜಕ್ಕನಹಳ್ಳಿಯಲ್ಲಿ ಟೀ ಕುಡಿದು ಹತ್ತಲು ಶುರು ಮಾಡಿದ್ದೆ. ಒಂದು ತಿರುವಿನಲ್ಲಿ ಹಿಂಚಕ್ರದ ದೊಡ್ಡ ಹಲ್ಲುಗಾಲಿಗೆ, ಅಂದರೆ ದೊಡ್ಡ ಕಾಗ್‌ಗೆ ಹಾಕೋಣ ಅಂತ ಲಿವರ್ ಒತ್ತಿದೆ. ‘ಟಕ್’ ಅಂತು. ಲಿವರ್‌ನಲ್ಲಿ ಬಿಗಿಯೇ ಇಲ್ಲ. ಚೈನ್ ಗರಗರ ಅಂತ ಒಂದೊಂದೇ ಮೆಟ್ಟಿಲು ಇಳಿದು 11 ಹಲ್ಲಿನ ಕಾಗ್‌ಗೆ ಬಂದು ಕೂತಿತು. ಮುಂದೆ ಪೆಡಲ್ ಹತ್ತಿರ 34 ಹಲ್ಲಿನದು ಇದ್ದರೂ ಆ ಏರಿನಲ್ಲಿ 34-11ರ ಭಾರದ ಗೇರ್ ತುಳಿಯಲು ನನ್ನ ಮಂಡಿ ಒಪ್ಪಲಿಲ್ಲ.

ಅಲ್ಲೇ ಮಾಡಿದ ಉಪಾಯ ಹೇಳುತ್ತೇನೆ, ನಿಮಗೂ ಒಂದು ದಿನ ಬೇಕಾಗಬಹುದು. ಡೌನ್ ಟ್ಯೂಬ್ (ಫ್ರೇಮಿನ ಕೆಳಗಿನ ಓರೆ ಕೊಳವೆ) ಹತ್ತಿರ, ಕೇಬಲ್ ಮೇಲಿನ ಕವಚವಾದ ಔಟರ್‌ನಿಂದ ಕೇಬಲ್ ಪೂರ್ತಿ ಎಳೆದುಕೊಂಡೆ. ಚೈನನ್ನು ಒಂದು ಕಾಗ್‌ನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಕಡೆಯ ತುದಿ ಗಟ್ಟಿಯಾಗಿಯೇ ಇತ್ತು. ಚೈನ್ ನಡುವಿನ ಕಾಗ್‌ಗೆ ಬರುವಷ್ಟು ಕೈಯಲ್ಲಿ ಜಗ್ಗಿ ಹಿಡಿದು, ಬಾಟಲ್ ಕೇಜಿನ ಸ್ಕ್ರೂ ಅಡಿಗೆ ಸುತ್ತಿ ಬಿಗಿದೆ. ಅಷ್ಟೇ, ಹಿಂದಿನ ಗೇರ್ ಒಂದೇ ಆಯಿತು. ಮೇಲುಕೋಟೆ ತಲುಪಿ, ಪುಳಿಯೋಗರೆ ತಿಂದು, ಅದೇ ಗೇರ್‌ನಲ್ಲಿ ಸುಮಾರು ಐವತ್ತು ಕಿಲೋಮೀಟರ್ ವಾಪಸ್ ಬಂದೆ.

ಮನೆಗೆ ಬಂದ ಮೇಲೆ ಹೊಳೆದ ಮಾತು ಇದು. ಕೇಬಲ್ ನನಗೆ ಮೂರು ವಾರದಿಂದ ಹೇಳುತ್ತಲೇ ಇತ್ತು. ದೊಡ್ಡ ಕಾಗ್‌ಗೆ ಹತ್ತಲು ತಡ ಮಾಡುತ್ತಿತ್ತು. ನಾನು ಕೇಬಲ್ ಬಿಗಿ ಮಾಡುವ ತಿರುಪು, ಬ್ಯಾರೆಲ್ ಅಡ್ಜಸ್ಟರ್, ಅರ್ಧ ಸುತ್ತು ಬಿಚ್ಚುತ್ತಿದ್ದೆ, ಸರಿ ಹೋಗುತ್ತಿತ್ತು. ನಾಲ್ಕು ದಿನಕ್ಕೆ ಮತ್ತೆ ಅರ್ಧ ಸುತ್ತು. ‘ಕೇಬಲ್ ಎಳೆದುಕೊಂಡಿದೆ’ ಅಂತ ನಾವೆಲ್ಲ ಹೇಳುತ್ತೇವೆ ಅಲ್ವಾ? ಹೊಸ ಕೇಬಲ್‌ಗೆ ಆ ಮಾತು ಸರಿ. ಮೊದಲ ಕೆಲವು ರೈಡ್‌ಗಳಲ್ಲಿ ಔಟರ್, ಎಂಡ್ ಕ್ಯಾಪ್ ಎಲ್ಲ ತಮ್ಮ ಜಾಗದಲ್ಲಿ ಕೂರುತ್ತವೆ, ಕೇಬಲ್ ಸ್ವಲ್ಪ ಸಡಿಲವಾಗುತ್ತದೆ. ಆದರೆ ಆರು ಸಾವಿರ ಕಿಲೋಮೀಟರ್ ಓಡಿದ ಕೇಬಲ್ ಇದ್ದಕ್ಕಿದ್ದಂತೆ ಸಡಿಲವಾಗುತ್ತಿದೆ ಅಂದರೆ ಅದು ಎಳೆದುಕೊಳ್ಳುತ್ತಿಲ್ಲ. ಒಳಗೆ ಎಳೆಗಳು ಒಂದೊಂದಾಗಿ ಹರಿಯುತ್ತಿವೆ. ಹ್ಯಾಂಡಲ್‌ಗೆ ಸುತ್ತುವ ಬಾರ್ ಟೇಪ್ ಅಡಿಯಲ್ಲಿ ಕೇಬಲ್ ಹೋಗುವ ಶಿಫ್ಟರ್‌ಗಳಲ್ಲಿ ಕೇಬಲ್ ತುದಿಯ ಗುಂಡು, ಅಂದರೆ ತಲೆಯ ಹತ್ತಿರವೇ ಬಿಗಿಯಾದ ಬಾಗು ಇರುತ್ತದೆ. ಪ್ರತಿ ಶಿಫ್ಟ್‌ಗೂ ತಂತಿ ಅದೇ ಜಾಗದಲ್ಲಿ ಮಡಚಿ ಬಿಡಿಸಿಕೊಳ್ಳುತ್ತದೆ. ಶಿಫ್ಟರ್ ಮೇಲಿನ ಹುಡ್ ರಬ್ಬರ್ ಮಡಚಿ ಒಂದು ಸಲ ನೋಡಿದ್ದರೆ ಸಾಕಿತ್ತು.

ಇನ್ನು ಸಾಮಾನಿನ ಗೋಳು. ಆನ್‌ಲೈನ್‌ನಲ್ಲಿ 4 ಮಿ.ಮೀ. ಗೇರ್ ಔಟರ್ ತರಿಸಿದೆ. ಒಂದು ವಾರ ಆದ ಮೇಲೆ ಬಂದದ್ದು 5 ಮಿ.ಮೀ. ಬ್ರೇಕ್ ಔಟರ್. ಚೀಟಿಯ ಮೇಲೆ ಮಾತ್ರ ‘ಗೇರ್’ ಅಂತ ಬರೆದಿದ್ದರು. ಫೋನ್ ಮಾಡಿದರೆ ‘ಎರಡೂ ಒಂದೇ ಸರ್, ಹಾಕಿಕೊಳ್ಳಿ’ ಅಂದರು. ನನಗೆ ನಿಜವಾಗಿ ಸಿಟ್ಟು ಬಂತು, ಯಾಕೆಂದರೆ ಒಂದೇ ಅಲ್ಲ. ಬ್ರೇಕ್ ಔಟರ್‌ನಲ್ಲಿ ತಂತಿ ಸ್ಪ್ರಿಂಗ್ ಹಾಗೆ ಸುತ್ತಿರುತ್ತದೆ. ಗೇರ್ ಔಟರ್‌ನಲ್ಲಿ ಸಣ್ಣ ತಂತಿಗಳು ಉದ್ದಕ್ಕೆ ಸಾಲಾಗಿ ಮಲಗಿರುತ್ತವೆ. ಕತ್ತರಿಸಿದ ತುದಿ ನೋಡಿದರೆ ಸುತ್ತಲೂ ಚುಕ್ಕಿ ಚುಕ್ಕಿ ಕಾಣುತ್ತದೆ. ನನ್ನ 11 ಸ್ಪೀಡ್ ಶಿಫ್ಟರ್ ಒಂದು ಕ್ಲಿಕ್‌ಗೆ ಎಳೆಯುವುದೇ ಸುಮಾರು 2.7 ಮಿ.ಮೀ. ಕೇಬಲ್. ಸ್ಪ್ರಿಂಗ್ ಔಟರ್ ಒತ್ತಡಕ್ಕೆ ಕುಗ್ಗಿದರೆ ಆ ಅಳತೆ ಎಲ್ಲಿ ಉಳಿಯುತ್ತದೆ? ಇನ್ನು ಗೇರ್ ಔಟರ್ ತೆಗೆದುಕೊಂಡು ಹೋಗಿ ಬ್ರೇಕ್‌ಗೆ ಹಾಕಿದರಂತೂ ಅಪಾಯ. ಜೋರಾಗಿ ಬ್ರೇಕ್ ಹಿಡಿದಾಗ ಸೀಳಿಕೊಳ್ಳಬಹುದು. ಇದನ್ನೆಲ್ಲ ಫೋನಿನಲ್ಲಿ ಸಮಾಧಾನವಾಗಿ ವಿವರಿಸಿದೆ. ಬದಲಿ ಬರಲು ಇನ್ನೂ ಒಂಬತ್ತು ದಿನ ಹಿಡಿಯಿತು.

ಸರಿ, ಶಿಫ್ಟರ್‌ಗೆ ಬರೋಣ.

ಕೇಬಲ್ ತಲೆ ಹೊರಗೆ ಬರಬೇಕಾದರೆ ಶಿಫ್ಟರ್ ಪೂರ್ತಿ ಚಿಕ್ಕ ಕಾಗ್‌ನ ಸ್ಥಾನಕ್ಕೆ ಬರಬೇಕು. ಆಗ ಮಾತ್ರ ತಲೆ ಕೂರುವ ಗುಂಡಿ ಹೊರಗಿನ ತೂತಿನ ನೇರಕ್ಕೆ ಬರುತ್ತದೆ. ನನ್ನ ಶಿಫ್ಟರ್ ಹತ್ತಿರ ಹತ್ತಿರ ಬಂದು ನಿಂತುಬಿಡುತ್ತಿತ್ತು. ಬಿಡುವ ಲಿವರ್ ಎಷ್ಟು ಒತ್ತಿದರೂ ಸುಮ್ನೆ ಆಡುತ್ತಿತ್ತು, ಕ್ಲಿಕ್ ಇಲ್ಲ. ತಳದ ಸಣ್ಣ ಪ್ಲಾಸ್ಟಿಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗೆ ಗುಬ್ಬಚ್ಚಿ ಗೂಡು! ಎರಡೂವರೆ ಸೆಂಟಿಮೀಟರ್ ಮೊಂಡು ತಂತಿ, ಎಳೆಗಳೆಲ್ಲ ಕೆದರಿಕೊಂಡು ನಿಂತಿದ್ದವು.

ಮೊದಲು ಬಂದ ಯೋಚನೆ ಕತ್ತರಿಸಿಬಿಡೋಣ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಕತ್ತರಿಸಿದ ಚೂರು ಒಳಗೇ ಬೀಳುತ್ತದೆ. ಮ್ಯಾಗ್ನೆಟ್ ಹಿಡಿದೆ. ಕೆಲವು ಎಳೆಗಳು ಸ್ವಲ್ಪ ಅಲುಗಿದವು, ತಲೆ ಅಲುಗಲೇ ಇಲ್ಲ. ಕೊನೆಗೆ ಚೂಪು ಚಿಮಟದಲ್ಲಿ ಎಳೆಗಳನ್ನು ಒಂದೊಂದಾಗಿ ಹಿಡಿದು, ಕೇಬಲ್ ಯಾವ ದಿಕ್ಕಿಗೆ ಹೊಸೆದಿತ್ತೋ ಅದೇ ದಿಕ್ಕಿಗೆ ತಿರುಗಿಸಿದೆ. ದೀಪದ ಬತ್ತಿ ಹೊಸೆದ ಹಾಗೆ. ಒಂದು ಗಂಟೆ ಬೇಕಾಯಿತು. ಎಳೆಗಳು ಒಟ್ಟುಗೂಡಿದ ಮೇಲೆ ಲಿವರ್ ಒತ್ತಿದೆ. ಒಂದು ಕ್ಲಿಕ್ ಬಂತು. ಇನ್ನೊಂದು ಬಂತು. ತೂತಿನಲ್ಲಿ ತಲೆ ಕಾಣಿಸಿತು. ಹಳೆಯ ಸ್ಪೋಕ್ ಒಂದರಿಂದ ಹಿಂದಿನಿಂದ ಮೆಲ್ಲಗೆ ದೂಡಿದೆ, ಈಚೆ ಬಂತು.

ಕೆಲಸ ಮುಗಿಯಿತು ಅಂದುಕೊಂಡು ಖಾಲಿ ಶಿಫ್ಟರ್‌ನ ಕ್ಲಿಕ್ ಎಣಿಸಿದೆ. 11 ಸ್ಪೀಡ್, ಅಂದರೆ ಹಿಂದೆ ಹನ್ನೊಂದು ಕಾಗ್, ಹತ್ತು ಕ್ಲಿಕ್ ಬರಬೇಕು. ಏಳು ಬಂದು ಎಂಟನೆಯದು ಮೆತ್ತಗೆ ಜಾರಿತು.

ಆಗ ಬಿಳಿ ಬಟ್ಟೆ ಹಾಸಿ ಎರಡೂ ತುದಿಗಳನ್ನು ಎದುರುಬದುರು ಇಟ್ಟೆ. ಎಳೆಗಳನ್ನು ಬಿಡಿಸುತ್ತಾ ಜೋಡಿ ಮಾಡಿದೆ. ಹದಿನೈದು ಎಳೆ ಒಂದೇ ಕಡೆ ಹರಿದಿದ್ದವು, ಅವುಗಳ ಎರಡು ತುದಿ ಸೇರಿದರೆ ಉದ್ದ ಸರಿ ಹೋಗುತ್ತಿತ್ತು. ನಾಲ್ಕು ಎಳೆಗಳಿಗೆ ಎರಡೂ ಕಡೆ ಮೊಂಡು. ಅಂದರೆ ನಡುವಿನ ನಾಲ್ಕು ತುಂಡು ಬೇರೆ ಎಲ್ಲೋ ಇರಬೇಕು. ಎರಡು ತುಂಡು ಬ್ರಷ್‌ನಲ್ಲಿ ಉಜ್ಜಿದಾಗಲೇ ಉದುರಿದ್ದವು. ಮೂರನೆಯದು ಹಳೆಯ ಔಟರ್ ಸೀಳಿದಾಗ ಸಿಕ್ಕಿತು. ನಾಲ್ಕನೆಯದು ಇಲ್ಲ. ಅಂದಾಜು ಒಂದು ಸೆಂಟಿಮೀಟರ್ ಉದ್ದ, ಕೂದಲಿನಷ್ಟು ತೆಳು. ಅದು ಶಿಫ್ಟರ್ ಒಳಗಿನ ಹಲ್ಲುಗಾಲಿಯಲ್ಲಿ ಸಿಕ್ಕಿಕೊಂಡಿದೆ ಅಂತ ಆಗ ಖಚಿತವಾಯಿತು.

ಇವತ್ತು ಸೈಕಲ್ ತಲೆಕೆಳಗಾಗಿಸಿ, ತೆಳು ಎಣ್ಣೆ ಸ್ಪ್ರೇ ಹೊಡೆದು, ಲಿವರ್ ಒತ್ತಿ ಬಿಟ್ಟು, ಮತ್ತೆ ಸ್ಪ್ರೇ. ಕಪ್ಪು ನೀರು ಬಂತು, ಚೂರು ಬರಲಿಲ್ಲ. ಏಳನೇ ಕ್ಲಿಕ್‌ನಲ್ಲಿ ನಿಲ್ಲಿಸಿ ಟಾರ್ಚ್ ಅನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ಸಣ್ಣ ಮಿಂಚು ಕಂಡಿತು. ಚಿಮಟ ಅಷ್ಟು ಒಳಗೆ ಹೋಗುವುದಿಲ್ಲ. ಅಮ್ಮ ನೋಡುತ್ತಾ ನಿಂತಿದ್ದವರು ಒಳಗೆ ಹೋಗಿ ತಮ್ಮ ಅತಿ ಸಣ್ಣ ಕ್ರೋಶಾ ಕಡ್ಡಿ ತಂದು ಕೊಟ್ಟರು. ‘ಲೇಸ್ ದಾರ ಸಿಕ್ಕಿಕೊಂಡರೆ ಎಳೆಯಬಾರದು ಕಣೋ, ತಿರುಗಿಸಬೇಕು’ ಅಂದರು. ಕೊಕ್ಕೆ ಹಾಕಿ ತಿರುಗಿಸಿದೆ. ಎರಡನೇ ಸಲಕ್ಕೇ ಬಂತು. ಇಬ್ಬರೂ ಒಟ್ಟಿಗೆ ಕೂಗಿದೆವು. ಲಿವರ್ ಒತ್ತಿದೆ. ಎಂಟು, ಒಂಬತ್ತು, ಹತ್ತು.

ಹೊಸ ಕೇಬಲ್ ಹಾಕಿದ್ದು, ಇಂಡೆಕ್ಸಿಂಗ್ (ಪ್ರತಿ ಕ್ಲಿಕ್‌ಗೂ ಚೈನ್ ಸರಿಯಾದ ಕಾಗ್ ಮೇಲೆ ಕೂರುವ ಹಾಗೆ ಹೊಂದಿಸುವುದು), ಟೇಪ್ ಸುತ್ತಿದ್ದು ನಿಮಗೆ ಗೊತ್ತಿರುವುದೇ. ಒಂದೇ ಮಾತು: ಔಟರ್ ಕತ್ತರಿಸಿದ ಮೇಲೆ ಒಳಗಿನ ಪ್ಲಾಸ್ಟಿಕ್ ನಳಿಗೆಯ ಬಾಯಿ ಸೂಜಿಯಿಂದ ಬಿಡಿಸಿ. ಕಟ್ಟರ್ ಅದನ್ನು ಚಪ್ಪಟೆ ಮಾಡಿರುತ್ತದೆ.

ಹಳೆಯ ಕೇಬಲ್‌ನ ಗಟ್ಟಿ ಭಾಗ ಎಸೆದಿಲ್ಲ. ಅಪ್ಪನ 28 ಇಂಚಿನ ಸೈಕಲ್ ಹಿತ್ತಲಲ್ಲಿ ನಿಂತಿದೆ. ಅದಕ್ಕೆ ಸ್ಟರ್ಮಿ-ಆರ್ಚರ್ ಕಂಪನಿಯ, ಚಕ್ರದ ನಡುವೆಯೇ ಮೂರು ಗೇರ್ ಅಡಗಿರುವ ಹಬ್ ಹಾಕುವ ಆಸೆ ಬಹಳ ದಿನದ್ದು. ನೇರ ಗೇರ್, ಅದಕ್ಕಿಂತ ಕಾಲು ಭಾಗ ಹಗುರ ಒಂದು, ಮೂರನೇ ಒಂದು ಭಾಗ ಭಾರ ಒಂದು. ಮೈಸೂರಿನ ಊರೊಳಗೆ ಅಷ್ಟು ಧಾರಾಳ. ತೊಡಕು ಸ್ಪೋಕಿನದ್ದು: ಅಪ್ಪನ ಹಿಂದಿನ ರಿಮ್‌ಗೆ 40 ತೂತು, ನಾನು ನೋಡಿಟ್ಟ ಹಬ್‌ಗೆ 36. ರಿಮ್ ಬದಲಿಸಲು ಅಪ್ಪ ಒಪ್ಪುತ್ತಿಲ್ಲ, ನನಗೂ ಮನಸ್ಸಿಲ್ಲ. 40 ತೂತಿನ ಹಳೆಯ ಹಬ್ ಯಾರ ಬಳಿಯಾದರೂ ಇದ್ದರೆ ಹೇಳಿ.

ಆ ನಾಲ್ಕನೇ ಚೂರನ್ನು ಸರ್ವಿಸ್ ನೋಟ್‌ಬುಕ್‌ನಲ್ಲಿ ಸೆಲೋಟೇಪ್ ಹಾಕಿ ಅಂಟಿಸಿದ್ದೇನೆ. ಪಕ್ಕದಲ್ಲಿ ಇವತ್ತಿನ ಕಿಲೋಮೀಟರ್, ಅದರ ಕೆಳಗೆ, ಮುಂದಿನ ಸಲ ಕೇಬಲ್ ಬದಲಿಸಲು, ನಾಲ್ಕು ಸಾವಿರ ಕೂಡಿಸಿದ ಇನ್ನೊಂದು ಸಂಖ್ಯೆ. ಕ್ರೋಶಾ ಕಡ್ಡಿ ಸೋಪು ಹಾಕಿ ತೊಳೆದು ಕೊಟ್ಟಾಯಿತು. ಭಾನುವಾರ ಮತ್ತೆ ಮೇಲುಕೋಟೆ.