ಊರಲ್ಲೊಂದು, ಬೆಂಗಳೂರಲ್ಲೊಂದು ವೋಟು ಇಟ್ಟುಕೊಳ್ಳಬಹುದಾ?

ನಾನು ಶಾಲೆ ಮೇಷ್ಟ್ರು. ಚುನಾವಣೆ ಬಂತೆಂದರೆ ಡ್ಯೂಟಿ ತಪ್ಪಿದ್ದಲ್ಲ. ಅದಕ್ಕೇ ಮದುವೆಮನೆಗೆ ಹೋದರೂ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ. ಮೊನ್ನೆ ಚಿಕ್ಕಪ್ಪನ ಮಗ ಕೇಳಿದ: "ಅಣ್ಣ, ಎಂಎಲ್‌ಎ, ಎಂಪಿಗೆ ಬೆಂಗಳೂರಲ್ಲಿ ಹಾಕ್ತೀನಿ. ಪಂಚಾಯ್ತಿಗೆ ಮಾತ್ರ ಊರಲ್ಲಿ. ಎರಡೂ ಕಡೆ ಹೆಸರಿದ್ರೆ ಏನು ತೊಂದ್ರೆ?"

ತೊಂದರೆ ಇದೆ. ಹೆಸರು ಒಂದೇ ಕಡೆ ಇರಬೇಕು.

ಈ ಗೊಂದಲಕ್ಕೆ ಕಾರಣವೂ ಇದೆ. ಎಂಎಲ್‌ಎ, ಎಂಪಿ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಗ್ರಾಮ ಪಂಚಾಯಿತಿಯದ್ದು ರಾಜ್ಯ ಚುನಾವಣಾ ಆಯೋಗ. ಆಯೋಗ ಎರಡು, ಹಾಗಾದರೆ ಪಟ್ಟಿಯೂ ಎರಡು ಅಂದುಕೊಳ್ಳುವುದು ಸಹಜ. ಆದರೆ ಪಂಚಾಯಿತಿಗೆಂದು ಬೇರೆ ಪಟ್ಟಿ ಇಲ್ಲ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ವಾರ್ಡುವಾರು ವಿಂಗಡಿಸಿ ಬಳಸುತ್ತಾರೆ. ಹೆಸರು ಬೆಂಗಳೂರಿಗೆ ಹೋಯಿತು ಅಂದರೆ ಊರಿನ ಪಂಚಾಯಿತಿ ವೋಟೂ ಅದರ ಜೊತೆಗೇ ಹೋಯಿತು.

2020ರ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಮತಗಟ್ಟೆಗೆ ಒಬ್ಬ ಹುಡುಗ ಬಂದ. ರಾತ್ರಿ ಬಸ್ಸಿನಲ್ಲಿ ಬಂದವನು, ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಪಟ್ಟಿ ಹಿಡಿದಿದ್ದವರು ಸ್ಕೇಲು ಇಟ್ಟು ಒಂದೊಂದೇ ಸಾಲು ನೋಡಿದರು. ಅಪ್ಪ, ಅಮ್ಮ, ತಂಗಿ ಎಲ್ಲರೂ ಇದ್ದರು. ಇವನಿಲ್ಲ. ವೋಟರ್ ಐಡಿ ಮೇಜಿನ ಮೇಲಿಟ್ಟು, "ಕಾರ್ಡ್ ಇದೆಯಲ್ಲ ಸಾರ್" ಅಂದ. ಏಜೆಂಟಾಗಿ ಕೂತಿದ್ದವರು ಅವನ ಸ್ವಂತ ಸೋದರಮಾವ. ಅವರೂ ಏನೂ ಮಾಡುವಂತಿರಲಿಲ್ಲ. ಕಾರ್ಡಿನಿಂದ ಗುರುತು ಮಾತ್ರ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡಿದ್ದೂ ವೋಟಿಲ್ಲ. ಹೆಸರಿದ್ದು ಕಾರ್ಡು ಕಳೆದುಹೋಗಿದ್ದರೆ ಮಾತ್ರ ದಾರಿಯಿದೆ, ಆಧಾರ್, ಡಿಎಲ್ ಹೀಗೆ ಬೇರೆ ಗುರುತು ತೋರಿಸಬಹುದು.

ಹಾಗಾದರೆ ಹೆಸರು ಎಲ್ಲಿರಬೇಕು? 1950ರ ಪ್ರಜಾಪ್ರತಿನಿಧಿ ಕಾಯ್ದೆ 'ಸಾಮಾನ್ಯ ನಿವಾಸಿ' ಅನ್ನುತ್ತದೆ. ನೀವು ಮಾಮೂಲಾಗಿ ವಾಸ ಇರುವ ಜಾಗ ಅಂತ ಅರ್ಥ. ಊರಲ್ಲಿ ಮನೆ ಇದೆ ಅನ್ನೋದೊಂದೇ ಕಾರಣಕ್ಕೆ ಅಲ್ಲಿನ ನಿವಾಸಿ ಆಗಲ್ಲ, ಇದನ್ನು ಕಾಯ್ದೆ ನೇರವಾಗಿಯೇ ಹೇಳಿದೆ. ಹಾಗಂತ ಸ್ವಲ್ಪ ದಿನ ಬೇರೆ ಕಡೆ ಹೋಗಿದ್ದ ಮಾತ್ರಕ್ಕೆ ಹೆಸರು ತೆಗೆಯುವಂತಿಲ್ಲ. ಹಾಸ್ಟೆಲಿನಲ್ಲಿ ಓದುವ ಮಕ್ಕಳು ಅಪ್ಪ-ಅಮ್ಮನ ಮನೆ ವಿಳಾಸವನ್ನೇ ಇಟ್ಟುಕೊಳ್ಳಬಹುದು. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ವಿಳಾಸ ಬದಲಾಗಿದ್ದರೆ ಫಾರಂ 8. ಎರಡೂ ಕಡೆ ಹೆಸರಿದ್ದರೆ ಒಂದನ್ನು ತೆಗೆಸಲು ಫಾರಂ 7. ಹೊಸದಾಗಿ ಸೇರುವವರಿಗೆ ಫಾರಂ 6. ಬಹಳ ಜನ ಎಡವುವುದು ಇಲ್ಲೇ. ಮನೆ ಬದಲಾಯಿಸಿ ಫಾರಂ 6 ತುಂಬಿಬಿಡುತ್ತಾರೆ, ಹಳೆಯ ಹೆಸರು ಅಲ್ಲೇ ಉಳಿಯುತ್ತದೆ. ಮೊಬೈಲಿನಲ್ಲೇ ಅರ್ಜಿ ಹಾಕಬಹುದು, ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಅವರ ಕೈಗೂ ಕೊಡಬಹುದು. ನಾಮಪತ್ರ ಸಲ್ಲಿಸುವ ಕೊನೇ ದಿನ ದಾಟಿತೆಂದರೆ ಮುಗಿಯಿತು, ಆ ಚುನಾವಣೆಯ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ.

ಊರಿನ ವೋಟು ಬಿಡಲು ಯಾಕೆ ಮನಸ್ಸಾಗಲ್ಲ ಅನ್ನೋದು ನನಗೂ ಗೊತ್ತು. ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ನಿಂತವರೆಲ್ಲ ಪರಿಚಯದವರೇ, ಒಂದೊಂದು ವೋಟೂ ಲೆಕ್ಕಕ್ಕೆ ಬರುತ್ತದೆ. ಸಮ ಬಂದರೆ ಚೀಟಿ ಎತ್ತುತ್ತಾರೆ. ಬೆಂಗಳೂರಿನಲ್ಲಿ ನೋಡಿದರೆ 2015ರಲ್ಲಿ ಪಾಲಿಕೆ ಚುನಾವಣೆ ಆದ ಮೇಲೆ ವರ್ಷಗಟ್ಟಲೆ ಇನ್ನೊಂದು ನಡೆಯಲೇ ಇಲ್ಲ. ಅಲ್ಲಿಗೆ ಹೆಸರು ಹಾಕಿಸಿ ಏನು ಪ್ರಯೋಜನ ಅನ್ನಿಸಿದರೆ ತಪ್ಪೇನಲ್ಲ, ಅಲ್ವಾ?

ಇಷ್ಟೆಲ್ಲ ತಮ್ಮನಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬೆಂಗಳೂರಿಂದೇ ತೆಗೆಸ್ತೀನಿ, ಊರಲ್ಲಿರ್ಲಿ" ಅಂದ.

"ಊರಲ್ಲಿ ಎಷ್ಟು ದಿನ ಇರ್ತೀಯೋ?"

"ಯುಗಾದಿಗೆ ಬರ್ತೀನಲ್ಲ" ಅಂದ.