ನಮ್ಮ ಪುಟ್ಟ ಕರ್ನಲ್: ನೆಟ್‌ವರ್ಕ್ ಎಲ್ಲಿ ನಿಲ್ಲುತ್ತಿತ್ತು ಅಂತ ಗೊತ್ತಾಯಿತು

ದಾವಣಗೆರೆಯಲ್ಲಿ ನಾನು, ದುರ್ಗದಲ್ಲಿ ನನ್ನ ಗೆಳೆಯ ಸೇರಿ ಬರೆಯುತ್ತಿರುವ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಈಗ ಟಿಸಿಪಿ (ಡೇಟಾ ತಪ್ಪದೆ ತಲುಪಿಸುವ ನೆಟ್‌ವರ್ಕ್ ನಿಯಮ) ಮೂಲಕ ಫೈಲ್ ಇಳಿಸಿಕೊಳ್ಳುತ್ತದೆ. ಆದರೆ ನಡುನಡುವೆ ಸುಮ್ನೆ ನಿಂತು, ಮತ್ತೆ ತಾನಾಗಿಯೇ ಓಡುತ್ತಿತ್ತು. ಅವನ ಲ್ಯಾಪ್‌ಟಾಪಿನಲ್ಲಿ ಕ್ಯೂಎಮು (ಕರ್ನಲ್ ಓಡಿಸಿ ನೋಡುವ ನಕಲಿ ಕಂಪ್ಯೂಟರ್) ಕೆವಿಎಂ (ಅದನ್ನು ನಿಜವಾದ ಪ್ರೊಸೆಸರ್ ಮೇಲೇ ವೇಗವಾಗಿ ಓಡಿಸುವ ಲಿನಕ್ಸ್ ಸೌಲಭ್ಯ) ಇಲ್ಲದೆ ನಡೆಯುತ್ತದೆ, ಅಲ್ಲಿ ತೊಂದರೆ ಕಾಣಿಸಲೇ ಇಲ್ಲ. ಹಾಗಾಗಿ ಭಾನುವಾರ ಬಸ್ಸು ಹತ್ತಿ ನಮ್ಮ ಮನೆಗೇ ಬಂದ.

ಏನಾಗುತ್ತಿದೆ ಅಂತ ನೋಡಲು ಕೋಡ್‌ನಲ್ಲಿ ಪ್ರಿಂಟ್ ಹಾಕಿದರೆ ತೊಂದರೆ ಮಾಯ. ಸೀರಿಯಲ್ ಪೋರ್ಟಿಗೆ ಬರೆಯುವ ನಿಧಾನಕ್ಕೇ ಟೈಮಿಂಗ್ ಬದಲಾಗುತ್ತದೆ. ಅದಕ್ಕೇ ಹೊರಗಿನಿಂದ ನೋಡಿದೆವು: ಹೋಸ್ಟ್ (ಕ್ಯೂಎಮು ಓಡುವ ಕಂಪ್ಯೂಟರ್) ಲಿನಕ್ಸ್‌ನ ಟ್ಯಾಪ್ ಇಂಟರ್ಫೇಸಿನ (ಕ್ಯೂಎಮುಗೆ ಜೋಡಿಸಿದ ನಕಲಿ ನೆಟ್‌ವರ್ಕ್ ಕೊಂಡಿ) ಮೇಲೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಸಾಧನ). ನಿಂತಾಗಲೆಲ್ಲ ಅಂತರ 200 ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ. ಉತ್ತರ ಬಾರದ ಪ್ಯಾಕೆಟ್ಟನ್ನು ಮತ್ತೆ ಕಳಿಸಲು ಲಿನಕ್ಸ್ ಕಾಯುವ ಕನಿಷ್ಠ ಸಮಯವೂ 200 ಮಿಲಿಸೆಕೆಂಡೇ. ಇನ್ನೂ ಒಳ್ಳೆಯ ಸುಳಿವು ಅದರ ಪಕ್ಕದಲ್ಲೇ ಇತ್ತು. ಹೋಸ್ಟ್ ಮತ್ತೆ ಕಳಿಸಿದ್ದು ಒಂದೇ ಪ್ಯಾಕೆಟ್, ನಮ್ಮ ಕರ್ನಲ್ ಎಸಿಕೆ (ತಲುಪಿತು ಅನ್ನುವ ಉತ್ತರ) ಕೊಟ್ಟಿದ್ದು ಅದರ ನಂತರದವಕ್ಕೂ! ಅಂದರೆ ಏನೂ ಕಳೆದುಹೋಗಿರಲಿಲ್ಲ, ಎಲ್ಲವೂ ವರ್ಟಿಯೋ ರಿಂಗ್‌ನಲ್ಲೇ (ಕ್ಯೂಎಮುವಿನ ನಕಲಿ ನೆಟ್‌ವರ್ಕ್ ಕಾರ್ಡ್ ಮತ್ತು ಕರ್ನಲ್ ಹಂಚಿಕೊಳ್ಳುವ ಮೆಮೊರಿಯ ಸರದಿ ಸಾಲು) ಇದ್ದವು.

"ಲೇ, ಪ್ಯಾಕೆಟ್ ಬಂದೈತೆ, ಎಬ್ಬಿಸೋರೇ ಇಲ್ಲ ನೋಡು" ಅಂದ ಗೆಳೆಯ. ಅದೇ ಆಗಿತ್ತು. ಇಂಟರಪ್ಟ್ (ಪ್ಯಾಕೆಟ್ ಬಂತು ಅಂತ ಎಬ್ಬಿಸುವ ಸೂಚನೆ) ಬಂದರೆ ಡ್ರೈವರ್ (ಕಾರ್ಡ್ ನೋಡಿಕೊಳ್ಳುವ ನಮ್ಮ ಕೋಡ್) ಮುಂದಿನ ಇಂಟರಪ್ಟ್ ಬೇಡ ಅಂತ ಫ್ಲಾಗ್ ಹಾಕಿ ರಿಂಗ್ ಖಾಲಿ ಮಾಡುತ್ತದೆ, ಆಮೇಲೆ ಫ್ಲಾಗ್ ತೆಗೆಯುತ್ತದೆ. "ಖಾಲಿ" ಅಂತ ನೋಡಿದ್ದಕ್ಕೂ ಫ್ಲಾಗ್ ತೆಗೆದದ್ದಕ್ಕೂ ನಡುವೆ ಬಂದ ಪ್ಯಾಕೆಟ್‌ಗೆ ಇಂಟರಪ್ಟ್ ಇಲ್ಲ. ನಮ್ಮ ವಿಂಡೋ (ಎಸಿಕೆ ಬರುವ ಮೊದಲು ಹೋಸ್ಟ್ ಎಷ್ಟು ಕಳಿಸಬಹುದು ಅನ್ನುವ ಮಿತಿ) ಬರೀ 8 ಕೆಬಿ. ಅದು ತುಂಬಿದರೆ ಹೋಸ್ಟ್ ಹೊಸದನ್ನು ಕಳಿಸುವುದಿಲ್ಲ, ಎಬ್ಬಿಸಲು ಇನ್ನೊಂದು ಪ್ಯಾಕೆಟ್ಟೂ ಬರುವುದಿಲ್ಲ. ವಿಂಡೋ ದೊಡ್ಡದು ಮಾಡಿದರೆ ನಿಲ್ಲುವುದು ಅಪರೂಪವಾಗುತ್ತದೆ, ಆದರೆ ಅದು ದೋಷ ಮುಚ್ಚಿಡುವ ಕೆಲಸ. ಆ ದಾರಿ ನಮಗೆ ಬೇಡ.

ಫ್ಲಾಗ್ ತೆಗೆದ ಮೇಲೆ ರಿಂಗನ್ನು ಮತ್ತೊಮ್ಮೆ ನೋಡುವಂತೆ ಮಾಡಿದೆವು. ತೊಂದರೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಜಾಸ್ತಿ ಹೊತ್ತು ತಿಂದಿದ್ದು ಇಲ್ಲೇ. ಎಕ್ಸ್86 ಪ್ರೊಸೆಸರ್ ಸಾಮಾನ್ಯವಾಗಿ ಕ್ರಮ ಕಾಯ್ದುಕೊಳ್ಳುತ್ತದೆ, ಆದರೆ ಒಂದು ಜಾಗಕ್ಕೆ ಬರೆದು ಬೇರೆ ಜಾಗ ಓದುವಾಗ ಓದು ಮುಂದೆ ಹೋಗಬಹುದು. ಫ್ಲಾಗಿನ ಹೊಸ ಮೌಲ್ಯ ಇನ್ನೂ ಸ್ಟೋರ್ ಬಫರ್‌ನಲ್ಲಿರುವಾಗಲೇ (ಬರೆದದ್ದು ಮೆಮೊರಿಗೆ ಹೋಗುವ ಮೊದಲು ಪ್ರೊಸೆಸರ್‌ನೊಳಗೆ ಕಾಯುವ ಜಾಗ) ನಾವು ರಿಂಗಿನ ಹಳೇ ಇಂಡೆಕ್ಸ್ (ಎಲ್ಲಿಯವರೆಗೆ ತುಂಬಿದೆ ಅನ್ನುವ ಸಂಖ್ಯೆ) ಓದಿ "ಖಾಲಿ" ಅಂದುಕೊಳ್ಳುತ್ತಿದ್ದೆವು. ಎರಡರ ನಡುವೆ ಒಂದು ಎಂಫೆನ್ಸ್ (ಹಿಂದಿನ ಬರಹ ಮುಗಿಯುವವರೆಗೆ ಮುಂದಿನ ಓದನ್ನು ತಡೆಯುವ ಆದೇಶ) ಸಾಕಾಯಿತು. ವರ್ಟಿಯೋ ಸ್ಪೆಸಿಫಿಕೇಶನ್ನಿನ ಮಾದರಿ ಕೋಡ್‌ನಲ್ಲೂ ಅದೇ ಜಾಗದಲ್ಲಿ ಇಂಥದ್ದೇ ತಡೆ, ಅಂದರೆ ಮೆಮೊರಿ ಬ್ಯಾರಿಯರ್ ಇದೆ.

ರಾತ್ರಿಯಿಡೀ ಫೈಲ್ ಇಳಿಸುತ್ತಾ ಬಿಟ್ಟಿದ್ದೆವು. ಕರೆಂಟ್ ಹೋದಾಗಲೂ ಬ್ಯಾಟರಿ ಮೇಲೆ ನಡೆಯಿತು. ಆ ಅಂತರ ಮತ್ತೆ ಕಾಣಲಿಲ್ಲ. ಪ್ಯಾಕೆಟ್ ಕಳಿಸುವ ಕಡೆಯ ಕ್ಯೂನಲ್ಲೂ ಇದೇ ರೀತಿಯ ಕೋಡ್ ಇದೆ, ಮುಂದಿನ ಕೆಲಸ ಅಲ್ಲಿ.