ಹಳೇ ದಾಖಲಾತಿ ರಿಜಿಸ್ಟರ್

ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1817ರಲ್ಲಿ ಶುರುವಾದ ಕಿವುಡ ಮಕ್ಕಳ ಶಾಲೆಯ ಹಳೇ ದಾಖಲೆಗಳ ಬಗ್ಗೆ ಓದುತ್ತಿದ್ದೆ. ಮಗುವಿನ ಹೆಸರು, ಊರು, ಕಿವುಡಾದ ಕಾರಣ, ಮನೆಯಲ್ಲಿ ಬೇರೆ ಯಾರು ಕಿವುಡರು, ಎಲ್ಲಾ ಬರೆದಿಟ್ಟಿದ್ದಾರೆ. ಕಾರಣದ ಜಾಗದಲ್ಲಿ ಎಷ್ಟೋ ಕಡೆ ಜ್ವರ. ಇಲ್ಲಿ ಬಳ್ಳಾರಿಯಲ್ಲಿ ನಮ್ಮ ಓಣಿಯ ಅಜ್ಜಿ ಮೊಮ್ಮಗಳ ಬಗ್ಗೆ ಹೇಳೋದೂ ಅದನ್ನೇ: "ಸಣ್ಣಾಕಿ ಇದ್ದಾಗ ಜ್ವರ ಬಂದಿತ್ತವ್ವ, ಆಮೇಲೆ ಕರೆದ್ರ ತಿರುಗಲಿಲ್ಲ."

ಇಂಥ ದಾಖಲೆಗಳಿಂದಲೇ ಮನೆತನದ ಹೆಸರು ಹೆಕ್ಕಿ, ಟೆಲಿಫೋನ್‌ನ ಗ್ರಹಾಂ ಬೆಲ್ 1883ರಲ್ಲಿ ಕಿವುಡರು ಕಿವುಡರನ್ನೇ ಮದುವೆಯಾಗೋದು ಅಪಾಯ ಅಂತ ವಾದ ಮಂಡಿಸಿದ. ಓದಿ ಹೊಟ್ಟೆ ಉರಿಯಿತು. ಅಪ್ಪ ಅಮ್ಮ ನಂಬಿ ಬರೆಸಿದ ವಿವರ ಅದು, ಅಲ್ವಾ?

ಹಾಗಂತ ರಿಜಿಸ್ಟರ್ ಸುಟ್ಟುಹಾಕಿ ಅಂತಲ್ಲ. ಅದರಲ್ಲಿ ತಮ್ಮ ಮುತ್ತಜ್ಜಿಯ ಹೆಸರು ಹುಡುಕುವವರು ಇರುತ್ತಾರೆ. ನಮ್ಮ ಕಡೆ ಶಾಲೆಗಳಲ್ಲಿರೋದನ್ನೂ ಗೆದ್ದಲಿಗೆ ಬಿಡಬೇಡಿ. ಬದುಕಿರುವವರ ವಿವರ ಮಾತ್ರ, ಅವರನ್ನು ಕೇಳದೇ ಯಾರಿಗೂ ಕೊಡಬೇಡಿ.